ಬೆಡಗು ಕೇಳುತ್ತ ಹಾವೇರಿಯಿಂದ ಬ್ಯಾಡಗಿಗೆ

ಕಳೆದ ಫೆಬ್ರುವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ಹಾವೇರಿಯ ಕಾಲೇಜೊಂದರಲ್ಲಿ ‘ಮಾನವಶಾಸ್ತ್ರ ಪರಿಚಯ’ ಎಂಬ ಐಚ್ಛಿಕ ವಿಷಯದ ತರಗತಿ ನಡೆಯಿತು. ಆರು ವಿದ್ಯಾರ್ಥಿಗಳು ಬಂದಿದ್ದರು. ಕರೆಂಟು ಇರಲಿಲ್ಲ. ಕಿಟಕಿಯಾಚೆ ಹೆದ್ದಾರಿಯ ಲಾರಿಗಳ ಸದ್ದು ನಿಲ್ಲುವವರೆಗೆ ಪಾಠ ನಿಲ್ಲುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು.

ನಾನು ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಎಪ್ಪತ್ತೈದು ಕಿಲೋಮೀಟರು ನಿಂತುಕೊಂಡೇ ಬಂದಿದ್ದೆ. ಹೆಚ್ಚು ಜನ ಆರಿಸಿಕೊಳ್ಳದ ವಿಷಯಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಒಂದು ಲೇಖನಮಾಲೆ ನಡೆಯುತ್ತಿತ್ತು. ಮಾನವಶಾಸ್ತ್ರದ ಪಾಲು ನನಗೆ ಬಂದಿತ್ತು. ಅದಕ್ಕಾಗಿ ಅದಾಗಲೇ ಎರಡು ಊರು ತಿರುಗಿಯಾಗಿತ್ತು. ತರಗತಿ ನೋಡಿ, ಒಂದು ಫೋಟೊ ತೆಗೆದು ಮಧ್ಯಾಹ್ನದ ಬಸ್ಸಿಗೆ ಮರಳುವ ಯೋಚನೆಯಲ್ಲಿದ್ದೆ.

ಪಾಠ ಮಾಡುತ್ತಿದ್ದವರು ಶಾರದಾ, ಅತಿಥಿ ಉಪನ್ಯಾಸಕಿ. ನಲವತ್ತರ ಆಸುಪಾಸು. ಹಲಗೆಯ ಮೇಲೆ ಒಂದು ತ್ರಿಕೋನ, ಅದರ ಪಕ್ಕ ಒಂದು ವೃತ್ತ ಬರೆದು ನಡುವೆ ಎರಡು ಅಡ್ಡಗೆರೆ ಎಳೆದರು. ತ್ರಿಕೋನ ಗಂಡಸು, ವೃತ್ತ ಹೆಂಗಸು, ಎರಡು ಗೆರೆ ಮದುವೆ. ಕೆಳಗೆ ಇಳಿಯುವ ಗೆರೆ ಮಕ್ಕಳು. ಸತ್ತವರಿದ್ದರೆ ಚಿಹ್ನೆಯ ಮೇಲೆ ಓರೆಗೆರೆ. ಜಗತ್ತಿನ ಯಾವ ಮನೆತನವನ್ನಾದರೂ ಈ ನಾಲ್ಕೈದು ಗುರುತುಗಳಲ್ಲಿ ಬರೆಯಬಹುದು ಎಂದರು.

“ಎಲುಬು, ತಲೆಬುರುಡೆ ಅಳೆಯೋದೂ ಈ ಶಾಸ್ತ್ರದಾಗ ಬರ್ತೈತಿ. ನೆಲ ಅಗದು ಹಳೇ ಗಡಿಗಿ ಚೂರು ಹುಡುಕೋದೂ ಬರ್ತೈತಿ. ಆದ್ರ ನಮ್ಮ ಪಾಲಿಗೆ ಬಂದಿದ್ದು ಇಷ್ಟ. ಯಾರು ಯಾರಿಗೆ ಏನಾಗ್ತಾರ, ಯಾರ ಮನ್ಯಾಗ ಯಾರು ಉಣ್ತಾರ, ಯಾರಿಗೆ ಹೆಣ್ಣು ಕೊಡ್ತಾರ, ಯಾರಿಗೆ ಕೊಡಂಗಿಲ್ಲ. ಬ್ಯಾರೆಯವರ ಮನ್ಯಾಗ ಕುಂತು ಇದನ್ನ ಕೇಳಬೇಕು. ಆಮ್ಯಾಲ ನಮ್ಮ ಮನಿಗೆ ಬಂದು, ಇದೂ ಬ್ಯಾರೆಯವರ ಮನಿ ಅಂತ ತಿಳಕೊಂಡು ಕೇಳಬೇಕು.”

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, “ಇದನ್ನ ಓದಿದ್ರ ನೌಕರಿ ಸಿಗ್ತೈತೇನ್ರಿ ಮೇಡಂ?” ಎಂದಳು.

“ನನಗ ಸಿಕ್ಕೈತಲ್ಲವಾ. ವರ್ಷಾ ಹೋಗ್ತೈತಿ, ವರ್ಷಾ ಬರ್ತೈತಿ.”

ಎಲ್ಲರೂ ನಕ್ಕರು. ಶಾರದಾ ನಗಲಿಲ್ಲ. ಕೈಗೆ ಅಂಟಿದ್ದ ಸುಣ್ಣದ ಪುಡಿ ಕೊಡವಿಕೊಂಡು ಕುರ್ಚಿಯಲ್ಲಿ ಕುಳಿತರು.

ಮಧ್ಯಾಹ್ನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅವರಿಗೊಂದು ಫೋನ್ ಬಂತು. ಫೋನ್ ಮಾಡಿದವಳು ಕವಿತಾ, ಅವರ ಹಳೆಯ ವಿದ್ಯಾರ್ಥಿನಿ. ಈಗ ರಾಣೆಬೆನ್ನೂರಿನ ಹೊರಗಿನ ಒಂದು ಬೀಜೋತ್ಪಾದನೆ ತೋಟದಲ್ಲಿ ಮೇಲ್ವಿಚಾರಕಿ. ವಯಸ್ಸು ಇಪ್ಪತ್ತೇಳು. ಬ್ಯಾಡಗಿಯ ಪ್ರಕಾಶ ಎಂಬ ಹುಡುಗನ ಜೊತೆ ಅವಳ ಮದುವೆ ಮಾತು ನಡೆದು, ಎರಡೂ ಮನೆಯವರು ಒಪ್ಪಿ, ಸೀರೆ ತರುವವರೆಗೂ ಬಂದಿತ್ತು. ಅಲ್ಲಿಗೆ ಬಂದು ನಿಂತುಹೋಗಿತ್ತು. ಇಬ್ಬರದೂ ಒಂದೇ ಬೆಡಗು ಎಂದು ತಿಳಿದುಬಂದಿತ್ತು.

ಬೆಡಗು ಎಂದರೇನು ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಒಂದೇ ಮೂಲಪುರುಷನಿಂದ ಬಂದವರೆಂದು ನಂಬಿಕೊಂಡಿರುವ ಮನೆತನಗಳ ಗುಂಪು ಅದು. ತಂದೆಯ ಬೆಡಗೇ ಮಕ್ಕಳ ಬೆಡಗು. ಒಂದೇ ಬೆಡಗಿನ ಹುಡುಗ ಹುಡುಗಿ ಎಂದೂ ಮುಖ ನೋಡಿರದಿದ್ದರೂ ಅಣ್ಣ ತಂಗಿ. ಅವರಲ್ಲಿ ಕೊಟ್ಟು ತರುವುದು ಇಲ್ಲ. ಕೆಲವು ಬೆಡಗುಗಳಿಗೆ ಒಂದು ಮರವೋ ಪ್ರಾಣಿಯೋ ಅಡುಗೆಯ ಸಾಮಾನೋ ಹೆಸರಾಗಿರುತ್ತದೆ. ಆ ಹೆಸರಿನವರು ಆ ಮರ ಕಡಿಯುವುದಿಲ್ಲ, ಆ ಸಾಮಾನು ತಿನ್ನುವುದಿಲ್ಲ. ಕವಿತಾಳ ಮನೆಯವರು ಜೀರಿಗೆ ಬೆಡಗಿನವರು. ಪ್ರಕಾಶನ ಮನೆಯವರೂ ಅದನ್ನೇ ಹೇಳಿದ್ದರು.

ಇಲ್ಲಿ ಬರುವವರ ಹೆಸರುಗಳನ್ನು ಅವರು ಕೇಳಿಕೊಂಡಂತೆ ಬದಲಿಸಿದ್ದೇನೆ. ಬೆಡಗುಗಳ ಹೆಸರುಗಳನ್ನೂ ಬದಲಿಸಿದ್ದೇನೆ. ಅವರು ತಿನ್ನದ ವಸ್ತು ಜೀರಿಗೆಯಲ್ಲ, ಒಗ್ಗರಣೆಗೆ ಬೀಳುವ ಇನ್ನೊಂದು.

“ನಾಳೆ ರಜಾ ಹಾಕಿ ಹೋಗ್ತೀನ್ರಿ. ಎಷ್ಟು ತಲಿಮಾರು ಹಿಂದಕ್ಕ ಹೋದ್ರ ಈ ಎರಡು ಮನಿ ಕೂಡ್ತಾವ ಅಂತ ಬರದು ತೋರಿಸಂತಾಳ. ಎಲ್ಲೂ ಕೂಡಲಿಲ್ಲಂದ್ರ ಅಪ್ಪಗ ಒಂದ್ಮಾತು ಹೇಳ್ರಿ ಅಂತಾಳ,” ಎಂದು ಶಾರದಾ ಹೇಳಿದರು. “ನಿಮಗ ಬೇಕಂದ್ರ ಬರ್ರಿ. ಇವತ್ತು ನೀವು ನೋಡಿದ್ದು ಬರೇ ಚಾಕ್‌ಪೀಸು.”

ಮಧ್ಯಾಹ್ನದ ಬಸ್ಸು ಬಿಟ್ಟೆ. ಆ ರಾತ್ರಿ ಹಾವೇರಿಯ ವಸತಿಗೃಹದಲ್ಲಿ ಉಳಿದೆ.

ಬುಧವಾರ ಬೆಳಿಗ್ಗೆ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಶಾರದಾ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆದರು. ನಾನು ದುಡ್ಡು ಕೊಟ್ಟು ಪಡೆದೆ. ಸೀಟು ಇಬ್ಬರಿಗೂ ಸಿಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬಳು ಕಂಡಕ್ಟರನನ್ನು “ಏ ಮಾವಾ, ಚಿಲ್ಲರ ಕೊಡೋ,” ಎಂದು ಕರೆದಳು. ಅವನು, “ನಿನಗ ಟಿಕೆಟ್ಟ ಪುಕ್ಕಟ ಐತಿ, ಯಾ ಚಿಲ್ಲರವಾ ತಂಗಿ?” ಎಂದ. ಬಸ್ಸು ನಕ್ಕಿತು. ಮಾವ ಎಂದವಳಿಗೆ ತಂಗಿ ಎಂದು ಉತ್ತರ ಕೊಟ್ಟದ್ದನ್ನು ಗಮನಿಸಿದಿರಾ ಎಂದು ಶಾರದಾ ಕೇಳಿದರು. ಅವಳು ಸಲಿಗೆ ತೆಗೆದುಕೊಂಡಳು, ಅವನು ದೂರ ಇಟ್ಟ, ಎರಡೂ ಒಂದೊಂದೇ ಪದದಲ್ಲಿ ಮುಗಿಯಿತು ಎಂದರು. ಆ ಜನದ ನಡುವೆ, ಒಂದೇ ಕೈಯಲ್ಲಿ ಕಂಬಿ ಹಿಡಿದು ನಿಂತವರಿಗೆ ಇದು ಕಂಡದ್ದು ನನಗೆ ಸೋಜಿಗವಾಯಿತು.

ಬೀಜದ ತೋಟ ಊರಿನಿಂದ ನಾಲ್ಕು ಕಿಲೋಮೀಟರು, ಆಟೋದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದ. ಬಿಳಿ ಬಲೆಯ ಮನೆಯೊಳಗೆ ಟೊಮೆಟೊ ಗಿಡಗಳ ಸಾಲು. ಒಳಗಿನ ಸೆಕೆಯಲ್ಲಿ ಹೆಂಗಸರು ಚಿಮಟಿಗೆ ಹಿಡಿದು, ಅರಳದ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ಕಿತ್ತು ತೆಗೆಯುತ್ತಿದ್ದರು. ಮರುದಿನ ಬೇರೆ ತಳಿಯ ಗಂಡು ಪುಡಿ ತಂದು ಅದಕ್ಕೆ ಮುಟ್ಟಿಸುತ್ತಾರೆ. ಈ ಕೆಲಸಕ್ಕೆ ಇಲ್ಲಿ ಕ್ರಾಸಿಂಗ್ ಎಂದೇ ಹೆಸರು.

ಕವಿತಾ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಕಣ್ಣಿನ ಕೆಳಗೆ ಕಪ್ಪಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತೆವು.

“ಗಂಡು ಸಾಲು ಅಲ್ಲೈತ್ರಿ, ಹೆಣ್ಣು ಸಾಲು ಇಲ್ಲೈತಿ. ಒಂದ ಸಾಲಿನ್ಯಾಗ ಕ್ರಾಸಿಂಗ್ ಮಾಡಂಗಿಲ್ಲ. ನಮ್ಮಪ್ಪ ಒಂದ ಸಲ ಬಂದಾಗ ಇದನ್ನ ನೋಡಿ, ‘ನೋಡವಾ, ಗಿಡಕ್ಕೂ ಬೆಡಗು ಐತಿ’ ಅಂದಿದ್ರು. ನಾನೂ ನಕ್ಕಿದ್ದೆ,” ಎಂದಳು.

ಪ್ರಕಾಶನ ಜೊತೆ ಮಾತಾಡಿದೆಯಾ ಎಂದು ಶಾರದಾ ಕೇಳಿದರು.

“ಇಲ್ರಿ ಮೇಡಂ. ಬೆಡಗು ಒಂದ ಅಂತ ಗೊತ್ತಾದ ದಿನ ನಮ್ಮ ಚಿಗವ್ವ, ‘ಇನ್ನ ಅವನ್ನ ಅಣ್ಣಾ ಅಂತ ಕರಿ’ ಅಂದ್ಲು. ಫೋನ್ ಮಾಡಿದ್ರ ಏನಂತ ಕರೀಲಿ? ಅದಕ್ಕ ಮಾಡಿಲ್ಲ. ಅವನೂ ಮಾಡಿಲ್ಲ.”

“ಅಪ್ಪನ್ನ ಬಿಟ್ಟು ಮಾಡ್ಕೋಬೇಕಂತ ಬಂದಿಲ್ಲಾ ಮನಸಿಗೆ?” ಎಂದು ನಾನು ಕೇಳಿದೆ.

“ಬರಲಾರದ ಇರ್ತೈತೇನ್ರಿ ಸರ? ಆದ್ರ ಅಪ್ಪ ಇದ್ದಾಗ ಅಪ್ಪನಿಲ್ಲದ ಲಗ್ನ ಹೆಂಗ ಮಾಡ್ಕೊಳ್ಳಿ. ಅವರು ಕೆಟ್ಟವ್ರಿದ್ದಿದ್ರ ಹಗುರಾಗ್ತಿತ್ತು.” ಟವೆಲ್ಲಿನಿಂದ ಮುಖ ಒರೆಸಿಕೊಂಡಳು. “ಸುಗ್ಗಿ ಮುಗಿದ ಮ್ಯಾಲ ಬ್ಯಾರೆ ಕಡೆ ನೋಡ್ತಾರಂತ. ನನಗ ನೋಡ್ಸಿಕೊಂಡು ಸಾಕಾಗೇತ್ರಿ ಮೇಡಂ. ಆರು ವರ್ಷಾತು ಚಾದ ತಟ್ಟಿ ಹಿಡಕೊಂಡು ಬರಾಕತ್ತೇನಿ.”

ಅವಳ ಊರು ಹಲಗೇರಿಯಿಂದ ಸ್ವಲ್ಪ ಮುಂದೆ. ಅವಳು ಕೆಲಸಕ್ಕೆ ಮರಳಿದಳು, ನಾವಿಬ್ಬರು ಮಧ್ಯಾಹ್ನದ ಬಿಸಿಲಲ್ಲಿ ಟಂಟಂ ಆಟೋ ಹಿಡಿದು ಹೋದೆವು. ಅವಳ ತಂದೆ ಬಸವಂತಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಎದ್ದು, “ಬರ್ರಿ, ಬರ್ರಿ. ಬಿಸಲಾಗ ಬಂದೀರಿ. ಮೊದ್ಲ ಕೈಕಾಲು ತೊಕ್ಕೋರಿ,” ಎಂದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಮಜ್ಜಿಗೆಗೆ ಸಾಸಿವೆ, ಕರಿಬೇವು ಮಾತ್ರ ಹಾಕಿದ್ದರು. ನಿಮ್ಮ ಮನೆಯಲ್ಲಿ ಎಂದೂ ಜೀರಿಗೆ ಹಾಕುವುದಿಲ್ಲವೇ ಎಂದು ಶಾರದಾ ಕೇಳಿದಾಗ ಕವಿತಾಳ ತಾಯಿ ಬಾಗಿಲ ಬಳಿಯಿಂದ ಹೇಳಿದರು: “ನಾ ತವರ್ಮನ್ಯಾಗ ತಿಂತಿದ್ದೆ ಬೇ. ಇಲ್ಲಿಗೆ ಬಂದ ದಿನಾ ಬಿಟ್ಟೆ. ಗಂಡನ ಮನಿ ದೇವರು ಹೆಂಗೋ ಹಂಗ ಅದು.”

ಶಾರದಾ ಹಾಳೆ ಬಿಡಿಸಿ ಬರೆಯತೊಡಗಿದರು. ಬಸವಂತಪ್ಪನ ಅಪ್ಪ, ಅಜ್ಜ, ಅಜ್ಜನ ಅಪ್ಪ. ಅಲ್ಲಿಂದ ಹಿಂದಕ್ಕೆ ನೆನಪು ಹೋಗಲಿಲ್ಲ. ಅದರ ಹಿಂದಿನದು ಹೆಳವನಿಗೆ ಗೊತ್ತು ಎಂದರು. ಹೆಳವರು ಮನೆತನಗಳ ವಂಶಾವಳಿ ಒಪ್ಪಿಸುವವರು. ಕೆಲವು ವರ್ಷಕ್ಕೊಮ್ಮೆ ಎತ್ತು ಹೊಡೆದುಕೊಂಡು ಬಂದು, ಬಾಗಿಲಲ್ಲಿ ನಿಂತು ಪೂರ್ವಜರ ಹೆಸರು ಹೇಳಿ, ಕಾಳು ಪಡೆದು ಹೋಗುತ್ತಾರೆ. ಈ ಮನೆಗೆ ಬರುವ ಹೆಳವ ಯಾವಾಗ ಬರುತ್ತಾನೋ ಗೊತ್ತಿರಲಿಲ್ಲ.

ಬರೆದಷ್ಟರಲ್ಲಿ ಬ್ಯಾಡಗಿಯ ಮನೆಯ ಸುಳಿವೆಲ್ಲೂ ಇರಲಿಲ್ಲ. ಶಾರದಾ ಅದನ್ನು ಹೇಳಿದರು.

“ಕಾಣಲಿಲ್ಲಂದ್ರ ಇಲ್ಲಂತ ಆಗಂಗಿಲ್ರಿ ಅಕ್ಕಾರ,” ಎಂದರು ಬಸವಂತಪ್ಪ. ದನಿ ಏರಲಿಲ್ಲ. “ಹುಡುಗ ಚೊಲೊ ಅದಾನ. ನನಗೂ ಮನಸಿಗೆ ಬಂದಿದ್ದ. ನಾಳೆ ಮೊಮ್ಮಕ್ಕಳು ಬಂದು, ‘ಮುತ್ಯಾ, ಗೊತ್ತಿದ್ದೂ ಯಾಕ ಕೊಟ್ಟಿ?’ ಅಂದ್ರ ನಾ ಏನ್ ಹೇಳ್ಲಿ? ಒಬ್ಬಾಕಿ ಮಗಳು ನಮಗ. ನಾ ಕೈಯಾರೆ ಧಾರೆ ಎರದು ಕೊಡಾಕ ಕುಂತಾಗ ಮನಸಿನ್ಯಾಗ ಸಂಶೆ ಇರಬಾರದು.”

ಶಾರದಾ ಹಾಳೆ ಮಡಚಿಕೊಂಡರು. ನಾಳೆ ಬ್ಯಾಡಗಿಗೆ ಹೋಗಿ ಆ ಮನೆಯ ತಲೆಮಾರುಗಳನ್ನೂ ಬರೆದು ಬರುತ್ತೇನೆ, ಅಲ್ಲಿಯೂ ಹೊಸದೇನೂ ತಿಳಿಯದಿದ್ದರೆ ನಾನೂ ಬಿಡುತ್ತೇನೆ ಎಂದರು. ರಾಣೆಬೆನ್ನೂರಿಗೆ ಮರಳುವ ಟಂಟಂನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು. ಅಲ್ಲಿ ಅವರ ಅಕ್ಕನ ಮನೆ ಇತ್ತು, ನನಗೆ ವಸತಿಗೃಹ ಇತ್ತು.

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಊರು ತಲುಪುವ ಮೊದಲೇ ಬಸ್ಸಿನಲ್ಲಿ ಕೆಮ್ಮು ಶುರುವಾಯಿತು. ಸುಗ್ಗಿಯ ಕಾಲವಾದ್ದರಿಂದ ಚೀಲ ಹೇರಿದ ಲಾರಿ, ಟ್ರ್ಯಾಕ್ಟರುಗಳು ರಸ್ತೆಯ ಎರಡೂ ಬದಿಗೆ ನಿಂತಿದ್ದವು. ನಿಲ್ದಾಣದಿಂದ ಪ್ರಾಂಗಣದ ಕಡೆಗೆ ನಡೆಯುವಷ್ಟರಲ್ಲಿ ನನಗೆ ಎಣಿಸಲಾಗದಷ್ಟು ಸೀನು ಬಂದವು. ಅಂಗಡಿ ಕಟ್ಟೆಗಳ ಮೇಲೆ ಕೆಂಪು ರಾಶಿಯ ನಡುವೆ ಹೆಂಗಸರು ಬಾಯಿಗೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ನೋಡಿ, “ಹೊಸಬ್ರದಾರ, ಇನ್ನೊಂದೆರಡು ಸೀನಿದ್ರ ನಮ್ಮವ್ರ ಆಗ್ತಾರ,” ಎಂದಳು.

ಪ್ರಕಾಶ ಶೀತಲಗೃಹವೊಂದರಲ್ಲಿ ಮಾಲು ಬಣ್ಣ ನೋಡಿ ಬೇರೆ ಮಾಡುವ ಕೆಲಸದಲ್ಲಿದ್ದಾನೆ. ಬಾಗಿಲಿಗೆ ಬಂದು ನಮಸ್ಕಾರ ಮಾಡಿದ. ಒಳಗಿನ ತಣ್ಣನೆಯ ಗಾಳಿ ಅವನ ಜೊತೆ ಹೊರಬಂದು ಬಿಸಿಲಲ್ಲಿ ಇಲ್ಲವಾಯಿತು. ಕವಿತಾ ಹೇಗಿದ್ದಾಳೆ ಎಂದು ಕೇಳಲಿಲ್ಲ. “ದೊಡ್ಡಪ್ಪ ಮಾರ್ಕೆಟ್ಟಿನ್ಯಾಗದಾರ, ಊಟಕ್ಕ ಬರ್ತಾರ. ಅಜ್ಜಿ ಮನ್ಯಾಗದಾಳ,” ಎಂದಷ್ಟೇ ಹೇಳಿ ದಾರಿ ತೋರಿಸಿದ. ಅವನ ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯ ಹಿರಿಯರೆಂದರೆ ದೊಡ್ಡಪ್ಪ ನಿಂಗಪ್ಪ.

ಅಜ್ಜಿ ನೀಲವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಎಂಬತ್ತು ದಾಟಿರಬಹುದು. ಶಾರದಾ ಯಾಕೆ ಬಂದೆವೆಂದು ಹೇಳಿದರು.

“ಬೆಡಗು ಕೇಳಾಕ ಬಂದೀಯೇನವಾ? ಕೇಳು. ಮೊದ್ಲ ಏನಾರ ತಿನ್ನು, ಮಾರಿ ಬಾಡೇತಿ ನಿಂದು,” ಎಂದು ಸೊಸೆಗೆ ಕೂಗಿದರು.

ಮಂಡಕ್ಕಿ ಒಗ್ಗರಣೆ ಬಂತು. ಶಾರದಾ ಒಂದು ತುತ್ತು ಬಾಯಿಗಿಟ್ಟು ಕೈ ತಡೆದರು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ನನ್ನ ತಟ್ಟೆಯಲ್ಲೂ ಅದೇ ಇತ್ತು: ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ, ಅವುಗಳ ನಡುವೆ ಧಾರಾಳವಾಗಿ ಜೀರಿಗೆ.

“ಅಜ್ಜಿ, ಇದಕ್ಕ ಜೀರಗಿ ಹಾಕೀರಲ್ಲ,” ಎಂದರು ಶಾರದಾ.

“ಹಾಕಲಾರದ ಏನ್ ರುಚಿ ಬರ್ತೈತಿ ಬೇ?”

“ನೀವು ಜೀರಗಿ ಬೆಡಗಿನವ್ರಲ್ಲಾ?”

ನೀಲವ್ವ ಕಂಬದಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿದರು. ಆಮೇಲೆ, “ನನ್ನಪ್ಪ ಜೀರಗಿಯಾಂವ. ಲಗ್ನ ಆಗೂ ತನಕ ನಾನೂ ಬಾಯಾಗ ಇಟ್ಟಾಕಿ ಅಲ್ಲ. ನನ್ನ ಗಂಡಂದು ಬನ್ನಿ ಬೆಡಗು. ಬನ್ನಿ ಕಟಗಿ ಒಲಿಗೆ ಹಾಕಂಗಿಲ್ಲ ನಾವು. ಈಗ ಗ್ಯಾಸ್ ಬಂದೇತಿ, ಯಾರಿಗೆ ನೆನಪೈತಿ?” ಎಂದರು.

ಶಾರದಾ ಚೀಲದಿಂದ ಚಾಕ್‌ಪೀಸು ತೆಗೆದು, ಪಡಸಾಲೆಯ ಕಪ್ಪು ಕಲ್ಲಿನ ಮೇಲೆಯೇ ಬರೆಯತೊಡಗಿದರು. ನೀಲವ್ವ ತಂದೆಗೆ ಒಬ್ಬಳೇ ಮಗಳು. ಗಂಡನನ್ನು ಮನೆ ಅಳಿಯನಾಗಿ ತಂದುಕೊಂಡರು. ಅಪ್ಪ ಬದುಕಿರುವವರೆಗೆ ಆ ಮನೆಯ ಅಡುಗೆಯಲ್ಲಿ ಜೀರಿಗೆ ಇರಲಿಲ್ಲ. ಅಪ್ಪ ಸತ್ತ ಮೇಲೆ ವ್ಯಾಪಾರಕ್ಕೆಂದು ಬ್ಯಾಡಗಿಗೆ ಬಂದರು. ಇಲ್ಲಿ ಒಲೆ ಅವರದೇ ಆಯಿತು. ಜೀರಿಗೆ ಬಂತು. ಗಂಡನ ಬೆಡಗಿನ ಹೆಸರು ಮಾತ್ರ ಬರಲಿಲ್ಲ. ಮನೆ ಅಳಿಯ ಎನಿಸಿಕೊಳ್ಳುವುದು ಗಂಡನಿಗೆ ನಾಚಿಕೆ. ಬೆಡಗು ಕೇಳಿದವರಿಗೆಲ್ಲ, ತಾನು ಆ ಮನೆಯ ಮಗನೇ ಎಂಬಂತೆ, ಮಾವನ ಮನೆಯದನ್ನೇ ಹೇಳುತ್ತ ಹೋದ. ಮಕ್ಕಳು ಅದನ್ನೇ ಕಲಿತರು. ಅವನ ಕಡೆಯ ಹೆಳವ ಅವನ ಹುಟ್ಟೂರಿಗೆ ಬಂದು ಹೋಗುತ್ತಿದ್ದ, ಬ್ಯಾಡಗಿಗೆ ಬರಲೇ ಇಲ್ಲ.

“ಯಾರಿಗೂ ನೀವು ಹೇಳಲಿಲ್ಲೇನ್ರಿ?” ಎಂದು ಕೇಳಿದೆ.

“ಬೆಡಗು ಗಂಡಸ್ರು ಗಂಡಸ್ರನ್ನ ಕೇಳ್ತಾರ ತಮ್ಮಾ. ನನ್ನನ್ನ ಕೇಳಿದ್ದು ಈಕಿನ ಮೊದಲನೇದಾಕಿ.”

ಶಾರದಾ ಕಲ್ಲಿನ ಮೇಲೆ ಪ್ರಕಾಶನ ತ್ರಿಕೋನ ಬರೆದು, ಅವನ ತಂದೆಯಿಂದ ಅಜ್ಜನಿಗೆ ಗೆರೆ ಎಳೆದರು. ಗೆರೆ ಜೀರಿಗೆ ಮನೆಗೆ ಹೋಗಲಿಲ್ಲ. ಅಲ್ಲಿ ಇದ್ದುದು ನೀಲವ್ವನ ವೃತ್ತ ಮಾತ್ರ. ಪ್ರಕಾಶ ಬನ್ನಿ ಬೆಡಗಿನವನು, ಕವಿತಾ ಜೀರಿಗೆಯವಳು. ಮದುವೆಗೆ ಅಡ್ಡಿ ಇರಲಿಲ್ಲ. ನಾನು ಹಾವೇರಿಗೆ ಬಂದ ದಿನದಿಂದ ಶಾರದಾ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ನೋಡಿದೆ. ತಟ್ಟೆ ಎತ್ತಿಕೊಂಡು ಮಂಡಕ್ಕಿ ಪೂರ್ತಿ ತಿಂದರು.

ಒಂದು ಗಂಟೆಯ ಸುಮಾರಿಗೆ ನಿಂಗಪ್ಪ ಬಂದರು. ಅಂಗಿಯ ಮೇಲೆಲ್ಲ ಕೆಂಪು ಧೂಳು. ಕಾಲು ತೊಳೆದುಕೊಂಡು ಬಂದು ಕಲ್ಲಿನ ಮೇಲಿನ ಬರಹ ನೋಡಿದರು. ಶಾರದಾ ಒಂದೊಂದೇ ಗುರುತು ತೋರಿಸಿ ವಿವರಿಸಿದರು. ನಿಂಗಪ್ಪ ಪೂರ್ತಿ ಕೇಳಿದರು, ಅಡ್ಡ ಬರಲಿಲ್ಲ.

“ಬರದದ್ದು ಬರೋಬ್ಬರಿ ಐತ್ರಿ ಮೇಡಂ. ಒಂದು ಬಿಟ್ಟೀರಿ,” ಎಂದರು. ಬಗ್ಗಿ, ತಮ್ಮ ತ್ರಿಕೋನದ ಕೆಳಗೆ ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟರು. “ಇಲ್ಲಿ ನನ್ನ ಮಗಳು ಬರಬೇಕು. ರತ್ನಾ. ಹಿರೇಕೆರೂರ ಕಡೆ ಕೊಟ್ಟೇವಿ. ಒಂಬತ್ತು ವರ್ಷಾತು, ಎರಡು ಮಕ್ಕಳದಾವ. ಅಳಿಯಂದು ಯಾ ಬೆಡಗು ಹೇಳ್ಲಿ?”

ಶಾರದಾ ಕಲ್ಲಿನಿಂದ ತಲೆ ಎತ್ತಿದರು.

“ಬನ್ನಿ,” ಎಂದರು ನಿಂಗಪ್ಪ.

ಶಾರದಾ ಚಾಕ್‌ಪೀಸು ಕೆಳಗಿಟ್ಟರು. ಪ್ರಕಾಶನ ಮನೆ ಬನ್ನಿ ಬೆಡಗಿನದೆಂದು ಒಪ್ಪಿದರೆ ಕವಿತಾಳ ಮದುವೆ ಆಗುತ್ತದೆ. ಆದರೆ ಅದೇ ಗಳಿಗೆಯಲ್ಲಿ ರತ್ನಾ ಮತ್ತು ಅವಳ ಗಂಡ ಅಣ್ಣ ತಂಗಿಯಾಗುತ್ತಾರೆ.

“ನನಗೂ ಮೊದ್ಲು ಗೊತ್ತಿರಲಿಲ್ಲ. ಲಗ್ನಾಗಿ ತಿಂಗಳಾದ ಮ್ಯಾಲ ಅವ್ವ ಹೇಳಿದ್ಲು,” ಎಂದರು ನಿಂಗಪ್ಪ.

“ಮೊದ್ಲ ಕೇಳಿದ್ರ ಮೊದ್ಲ ಹೇಳ್ತಿದ್ದೆ. ಆಗ ಹೇಳಿ ಏನ್ ಮಾಡೋದಿತ್ತು, ಮಂದಿ ಉಂಡು ಹೋಗಿದ್ರು,” ಎಂದರು ನೀಲವ್ವ.

“ಆಕಿ ಅತ್ತಿ ಮನಿಯವ್ರು ಬಾಳ ಕಟ್ಟುನಿಟ್ಟಿನ ಮಂದಿ ಮೇಡಂ. ಗೊತ್ತಾತಂದ್ರ ನನ್ನ ಮಗಳು ಎರಡು ಹುಡುಗ್ರನ್ನ ಕಟಗೊಂಡು ಇದ ಪಡಸಾಲಿಗೆ ಬಂದು ಕುಂದರ್ತಾಳ. ಪ್ರಕಾಶಗ ನಾ ಬ್ಯಾಡ ಅಂದಿಲ್ಲ. ಅವನು ನನ್ನ ತಮ್ಮನ ಮಗ, ನಾನ ಬೆಳಸೇನಿ. ಆದ್ರ ಇದನ್ನ ನೀವು ಹಲಗೇರಿ ಕಡೆ ಹೇಳಿದ್ರ ಹಿರೇಕೆರೂರಿಗೆ ಮುಟ್ಟಾಕ ಎಷ್ಟೊತ್ತು ಬೇಕು? ಎಲ್ಲಾ ಬೀಗರ ಬೀಗರು.”

ಹೊರಗೆ ಹಮಾಲರು ಯಾರನ್ನೋ ದಾರಿ ಬಿಡಿ ಎಂದು ಕೂಗುತ್ತಿದ್ದರು. ಶಾರದಾ ಕಲ್ಲಿನ ಮೇಲಿನ ಗೆರೆಗಳನ್ನು ನೋಡುತ್ತ ಕುಳಿತರು. ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಮಗನ ಕಡೆ ನೋಡದೆ, ಶಾರದಾ ಕಡೆ ತಿರುಗಿದರು.

“ಹುಡುಗಿಗೆ ಸೋದರಮಾವ ಅದಾನೇನು?”

“ಅದಾನ್ರಿ. ರಾಣೆಬೆನ್ನೂರಾಗ.”

“ಅವನ ಬೆಡಗು?”

ಶಾರದಾ ಹಿಂದಿನ ದಿನ ಬರೆದ ಹಾಳೆ ನೋಡಿ ಹೇಳಿದರು. ಜೀರಿಗೆಯೂ ಅಲ್ಲ, ಬನ್ನಿಯೂ ಅಲ್ಲ.

“ಅವನ ಉಡಿಯಾಗ ಹಾಕ್ರಿ ಹುಡುಗಿನ. ಅಂವ, ಅವನ ಹೆಂಡ್ತಿ ಧಾರೆ ಎರೀಲಿ. ಅವನ ಮಗಳಾಗಿ ನಮ್ಮ ಮನಿಗೆ ಬರಲಿ. ನಾವು ಜೀರಗ್ಯಾರಾಗೆ ಇರ್ತೀವಿ. ಯಾರ ಮನೀನೂ ಮುರಿಯಂಗಿಲ್ಲ. ಇಂಥಾವು ಮೊದ್ಲೂ ಆಗ್ಯಾವು.”

ಇದು ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. ಬೆಡಗು ಅಡ್ಡ ಬಂದಾಗ ಹುಡುಗಿಯನ್ನು ಬೇರೆ ಬೆಡಗಿನ ದಂಪತಿಗೆ ಮಗಳಾಗಿ ಕೊಟ್ಟು, ಅವರಿಂದ ಧಾರೆ ಎರೆಸುವ ಪದ್ಧತಿ ಈ ಕಡೆ ಇದೆ ಎಂದು ಶಾರದಾ ನನಗೆ ಆಮೇಲೆ ಹೇಳಿದರು. ನಿಂಗಪ್ಪ, “ಅವ್ರು ಒಪ್ಪಿದ್ರ ನಂದೇನಿಲ್ಲ,” ಎಂದರು.

ಒಪ್ಪಬೇಕಾದವರು ಬಸವಂತಪ್ಪ. ಶಾರದಾ ಅಲ್ಲಿಂದಲೇ ಅವರಿಗೆ ಫೋನ್ ಹಚ್ಚಿದರು. ನೀಲವ್ವನಿಗೂ ಕೇಳಲೆಂದು ಶಾರದಾ ದನಿ ಜೋರು ಮಾಡಿಟ್ಟರು. ರತ್ನಾಳ ಹೆಸರನ್ನಾಗಲಿ, ಬನ್ನಿ ಬೆಡಗನ್ನಾಗಲಿ ಎತ್ತಲಿಲ್ಲ. ಬೆಡಗಿನ ಮಾತು ಕೇಳಬೇಡಿ, ನಾನು ಕಣ್ಣಾರೆ ಬರೆದು ನೋಡಿದ್ದೇನೆ, ರಕ್ತ ಎಲ್ಲಿಯೂ ಕೂಡುವುದಿಲ್ಲ, ಇಷ್ಟನ್ನು ನನ್ನ ಮೇಲೆ ನಂಬಿ ಎಂದರು. ಆಮೇಲೆ ನೀಲವ್ವನ ಮಾತು ಹೇಳಿದರು.

ಆ ಕಡೆ ಎಮ್ಮೆ ಕೂಗಿದ್ದು ಕೇಳಿಸಿತು.

“ರಕ್ತ ಕೂಡಂಗಿಲ್ಲಂತ ಖರೇನರಿ ಅಕ್ಕಾರ?”

“ಖರೇರಿ.”

“ಹಂಗಿದ್ರ ಅವರ ಬೆಡಗು ಬ್ಯಾರೆ ಇರಬೇಕು.”

ಶಾರದಾ ಮಾತಾಡಲಿಲ್ಲ. ನಿಂಗಪ್ಪ ತಲೆ ತಗ್ಗಿಸಿದರು.

“ಹೇಳಾಕ ಬರದಂಥಾದ್ದು ಏನೋ ಐತಿ,” ಎಂದಿತು ಫೋನಿನ ದನಿ. “ಇರಲಿ. ಕೇಳಂಗಿಲ್ಲ. ಒಂದು ಹೇಳ್ರಿ. ಕವಿತಾ ತನ್ನ ಮಾವನ ಮಗಳಾದ್ಲಂದ್ರ, ಅಕಿಗೆ ನಾ ಏನಾಗ್ತೀನಿ?”

ತರಗತಿಯಲ್ಲಿ ಇಂಥ ಪ್ರಶ್ನೆಗೆ ಶಾರದಾ ತಕ್ಷಣ ಉತ್ತರ ಹೇಳುತ್ತಿದ್ದರು. ಈಗ ಕಲ್ಲಿನ ಮೇಲೆ ಏನನ್ನೋ ಹುಡುಕುವವರಂತೆ ನೋಡಿದರು.

“ಆಕಿ ಸೋದರತ್ತಿ ಗಂಡ ಆಗ್ತೀರಿ,” ಎಂದರು. “ಮಾವ.”

“ಹಾಂ. ಮಾವ.” ಬಸವಂತಪ್ಪ ಅದನ್ನು ಇನ್ನೊಮ್ಮೆ ಹೇಳಿಕೊಂಡರು. “ಮನ್ಯಾಗ ಕೇಳಿ ಸಂಜಿಕ ಹೇಳ್ತೀನ್ರಿ.”

ಪ್ರಕಾಶ ಊಟಕ್ಕೆ ಬರಲಿಲ್ಲ. ನಾವೂ ಊಟಕ್ಕೆ ನಿಲ್ಲಲಿಲ್ಲ. ಹೊರಡುವಾಗ ನೀಲವ್ವ ಸೊಸೆಯಿಂದ ಹಸಿ ಅರಿವೆ ತರಿಸಿಕೊಂಡು, ಕುಳಿತಲ್ಲಿಂದಲೇ ಬಗ್ಗಿ ಕಲ್ಲಿನ ಮೇಲಿನ ಗೆರೆಗಳನ್ನು ಒರೆಸಿದರು. ತಮ್ಮ ಗಂಡನ ತ್ರಿಕೋನ ಮೂಲೆಯಲ್ಲಿತ್ತು, ಕೈ ನಿಲುಕಲಿಲ್ಲ. ಶಾರದಾ ಅದನ್ನು ಒರೆಸಿದರು. ನನ್ನ ಕಡೆ ತಿರುಗಿ ನೀಲವ್ವ, “ಬರ್ಕೋತಿಯೇನು? ಬರ್ಕೋ. ಹೆಸರು, ಬೆಡಗು ಬದಲು ಮಾಡು. ಯಾರರ ಕೇಳಿದ್ರ ಮುದುಕಿ ಅರಳು ಮರಳು ಅನ್ನು,” ಎಂದರು.

ರೈಲು ನಿಲ್ದಾಣಕ್ಕೆ ನಡೆದೆವು. ಹಾವೇರಿಯ ಕಡೆಗೆ ಹೋಗುವ ಪ್ಯಾಸೆಂಜರ್ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕಾದು ಕುಳಿತುಕೊಳ್ಳಲಾಗದಂತಿತ್ತು. ಬೇವಿನ ಗಿಡದ ಕೆಳಗೆ ನಿಂತೆವು. ತರಗತಿಯಲ್ಲಿ ಈ ಮನೆಯ ನಕ್ಷೆಯನ್ನು ಹೇಗೆ ಬರೆದು ತೋರಿಸುತ್ತೀರಿ ಎಂದು ಕೇಳಿದೆ.

“ತೋರ್ಸಂಗಿಲ್ರಿ. ಈ ವಿದ್ಯಾ ಕಲ್ಸೋ ಹೊತ್ತಿಗೆ ಇದನ್ನೂ ಕಲ್ಸಬೇಕು, ಎಲ್ಲಿ ಬರೀಬಾರದು ಅಂತ. ಪಠ್ಯದಾಗ ಅದಕ್ಕ ಪಿರಿಯಡ್ ಕೊಟ್ಟಿಲ್ಲ,” ಎಂದರು. ಚೀಲದ ಹೆಗಲು ಬದಲಿಸಿಕೊಂಡು, “ನಾ ಕೂಸಿದ್ದಾಗ ನಮ್ಮ ಮನ್ಯಾಗ ಬಾಳ ಮಂದಿ ಕಾಕಾ ಇದ್ರು. ಈ ಶಾಸ್ತ್ರಾ ಓದಿ, ಯಾರು ಖರೇ ಕಾಕಾ, ಯಾರು ಅಲ್ಲ ಅಂತ ಬರಕೊಂಡೆ. ಆಮ್ಯಾಲ ಕೆಲವ್ರ ಮನಿಗೆ ಹೋಗೋದ ಬಿಟ್ಟೆ. ಏನ್ ಸಾಧಿಸಿದ್ನೋ,” ಎಂದರು.

ರೈಲು ಬಂತು. ಜನ ಬಹಳ ಇದ್ದರು. ಅವರಿಗೆ ಚೀಲವೊಂದರ ಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು, ಕುಳಿತ ಕೂಡಲೇ ನಿದ್ದೆ ಹೋದರು. ನಾನು ಬಾಗಿಲಲ್ಲಿ ನಿಂತು ಹಿಂದಕ್ಕೆ ನೋಡಿದೆ. ಅಂಗಳಗಳಲ್ಲಿ ಒಣಹಾಕಿದ ಕಾಯಿ ಕೆಂಪಗೆ ಕಾಣುತ್ತಿತ್ತು, ಆಮೇಲೆ ಬರೀ ಕಂದು ಹೊಲ. ಹಾವೇರಿಯಲ್ಲಿ ಅವರನ್ನು ಎಬ್ಬಿಸಿ ಇಳಿಸಿ, ನಾನು ಹುಬ್ಬಳ್ಳಿಯವರೆಗೆ ಹೋದೆ. ಲೇಖನಮಾಲೆಗೆ ಆರು ವಿದ್ಯಾರ್ಥಿಗಳ ತರಗತಿಯ ಬಗ್ಗೆ ಬರೆದುಕೊಟ್ಟೆ. ಅದರಲ್ಲಿ ಬ್ಯಾಡಗಿಯ ಮಾತು ಇರಲಿಲ್ಲ.

ಬಸವಂತಪ್ಪ ಅಂದು ಸಂಜೆ ಫೋನ್ ಮಾಡಲಿಲ್ಲ. ಮೂರನೆಯ ದಿನ ಮಾಡಿ, ಆಗಲಿ ಎಂದರು. ಮೇ ತಿಂಗಳಲ್ಲಿ ರಾಣೆಬೆನ್ನೂರಿನ ಕಲ್ಯಾಣ ಮಂಟಪವೊಂದರಲ್ಲಿ ಕವಿತಾ ಮತ್ತು ಪ್ರಕಾಶನ ಮದುವೆ ನಡೆಯಿತು. ನಾನು ಹೋಗಿರಲಿಲ್ಲ, ಶಾರದಾ ಹೋಗಿದ್ದರು. ಹಿರೇಕೆರೂರಿನ ಕಡೆಯಿಂದ ರತ್ನಾ ಗಂಡ ಮತ್ತು ಮಕ್ಕಳ ಜೊತೆ ಬಂದಿದ್ದಳು. ಧಾರೆ ಎರೆದವರು ಕವಿತಾಳ ಸೋದರಮಾವ ಮತ್ತು ಅವರ ಹೆಂಡತಿ. ಆ ಹೊತ್ತಿಗೆ ಬಸವಂತಪ್ಪ ಕೆಳಗಿನ ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಹಾಸುತ್ತಿದ್ದರು.